ಕಾಲು ಇಂಚೂ ಆರು ಮಿಲಿಮೀಟರೂ

ರೌಟರ್ ಎಂದೊಡನೆ ನಿಮ್ಮಲ್ಲಿ ಹಲವರಿಗೆ ಮನೆಯ ಮೂಲೆಯಲ್ಲಿ ಕುಳಿತು ಇಂಟರ್‌ನೆಟ್ ಹಂಚುವ ಪುಟ್ಟ ಪೆಟ್ಟಿಗೆ ನೆನಪಾಗಬಹುದು. ಈ ದಿನ ನಾನು ಹೇಳಹೊರಟಿರುವುದು ಅದರ ಮಾತಲ್ಲ. ಬಡಗಿಯ ಕೈಯ ರೌಟರ್. ಎರಡು ಹಿಡಿ, ನಡುವೆ ಒಂದು ವಿದ್ಯುತ್ ಮೋಟಾರು, ಅದರ ತುದಿಯಲ್ಲಿ ಬುಗುರಿಯಂತೆ ತಿರುಗುವ ಅಲಗು, ಅಂದರೆ ಬಿಟ್ಟು. ಇಷ್ಟೇ ಅದರ ಸ್ವರೂಪ. ಹಲಗೆಯಲ್ಲಿ ಕಾಲುವೆ ತೋಡುವುದು, ಅಂಚಿಗೆ ಗೋಲು ಕೊಡುವುದು, ಕೀಲಿಗೆ ಗೂಡು ಕೊರೆಯುವುದು, ಉಳಿ ಕೊಡತಿಗಳಿಂದ ಬಹಳ ಹೊತ್ತು ಹಿಡಿಯುತ್ತಿದ್ದ ಈ ಕೆಲಸಗಳನ್ನೆಲ್ಲ ಅದು ಕೆಲವೇ ನಿಮಿಷಗಳಲ್ಲಿ ಮಾಡಿಕೊಡುತ್ತದೆ. ಇಂದು ಇದು ಬಡಗಿಗಳಲ್ಲಷ್ಟೇ ಅಲ್ಲ, ಬಿಡುವಿನಲ್ಲಿ ಮರಗೆಲಸ ಮಾಡುವ ಅನೇಕ ಗೃಹಸ್ಥರ ಮನೆಗಳಿಗೂ ಬಂದಿದೆ.

ಈ ಯಂತ್ರದ ಪಕ್ಕದಲ್ಲಿ ಆಳ ಗೊತ್ತುಮಾಡುವ ಒಂದು ಸರಳು ಇರುತ್ತದೆ. ಅನೇಕ ಯಂತ್ರಗಳಲ್ಲಿ ಅದರ ಬಳಿ ಎರಡು ಅಳತೆಪಟ್ಟಿಗಳು: ಒಂದು ಮಿಲಿಮೀಟರಿನದು, ಇನ್ನೊಂದು ಇಂಚಿನದು. ಯಾವುದನ್ನು ನಂಬಬೇಕು? ಎರಡೂ ನಿಜವನ್ನೇ ಹೇಳುತ್ತವೆ. ೧೯೫೯ರ ಜುಲೈ ೧ರಿಂದ ಇಂಗ್ಲಿಷ್ ಮಾತಿನ ಪ್ರಮುಖ ದೇಶಗಳು ಒಪ್ಪಂದ ಮಾಡಿಕೊಂಡು, ಒಂದು ಇಂಚು ಎಂದರೆ ಸರಿಯಾಗಿ ೨೫.೪ ಮಿಲಿಮೀಟರು ಎಂದು ಗೊತ್ತುಮಾಡಿವೆ. ಹಾಗಾಗಿ ಇಂಚು ಈಗ ಮೀಟರಿನ ಆಶ್ರಯದಲ್ಲೇ ಬದುಕಿದೆ ಎನ್ನಬಹುದು. ಪಟ್ಟಿಗಳಲ್ಲಿ ಜಗಳವಿಲ್ಲ. ಜಗಳ ಹುಟ್ಟುವುದು, ಒಂದು ಪದ್ಧತಿಯ ಬಿಡಿಭಾಗವನ್ನು ಇನ್ನೊಂದು ಪದ್ಧತಿಯ ಬಿಡಿಭಾಗದೊಡನೆ "ಹೆಚ್ಚುಕಡಿಮೆ ಒಂದೇ" ಎಂದು ಕೂಡಿಸಿದಾಗ.

ಇಂಚನ್ನು ಹಳಿಯಲು ನಾನು ಬಂದವನಲ್ಲ. ಅದರ ಲೆಕ್ಕ ನಮ್ಮ ಹಿರಿಯರ ಲೆಕ್ಕಕ್ಕೆ ಹತ್ತಿರವಾದದ್ದು. ಅರೆ, ಕಾಲು, ಅರೆಕಾಲು, ವೀಸ, ಹೀಗೆ ಅರ್ಧದ ಅರ್ಧ ಮಾಡುತ್ತ ಹೋಗುವುದೇ ಅದರ ರೀತಿ. ರೂಪಾಯಿಗೆ ಹದಿನಾರಾಣೆ ಇದ್ದಂತೆ ಇಂಚಿಗೂ ಹದಿನಾರು ಭಾಗ. ಇಂಚಿನ ಎಂಟನೆಯ ಒಂದು ಪಾಲಿಗೆ ದಕ್ಷಿಣದ ಬಡಗಿಗಳು 'ನೂಲು' ಎನ್ನುವುದುಂಟು. ದಾರವನ್ನು ಎರಡಾಗಿ ಮಡಿಸಿದರೆ ಅರ್ಧ, ಮತ್ತೆ ಮಡಿಸಿದರೆ ಕಾಲು. ಕಾಗದ ಪೆನ್ಸಿಲುಗಳ ಹಂಗಿಲ್ಲ. ನಮ್ಮ ದೇಶದಲ್ಲಿ ೧೯೫೬ರಲ್ಲಿ ತೂಕ ಅಳತೆಗಳ ಕಾನೂನು ಬಂತು. ೧೯೫೭ರ ಏಪ್ರಿಲ್ ೧ರಂದು ನಯಾಪೈಸೆ ಬಂತು. ೧೯೫೮ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಬರತೊಡಗಿದವು. ಆಣೆ ಹೋಯಿತು, ಸೇರು ಹೋಯಿತು. ಆದರೆ ಮರದ ಅಂಗಡಿಯಲ್ಲಿ ಇಂಚು ಉಳಿಯಿತು. ಇಂದಿಗೂ ಅಲ್ಲಿ ಹೋಗಿ ಕೇಳುವ ರೀತಿ ನೋಡಿರಿ: "ಎಂಟಡಿ ನಾಲ್ಕಡಿಯ ಪ್ಲೈವುಡ್, ಹದಿನೆಂಟು ಎಂ.ಎಂ." ಉದ್ದಗಲ ಒಂದು ಪದ್ಧತಿಯಲ್ಲಿ, ದಪ್ಪ ಇನ್ನೊಂದರಲ್ಲಿ, ಒಂದೇ ಉಸಿರಿನಲ್ಲಿ!

ಈ ಒಂದೇ ಉಸಿರಿನಲ್ಲಿಯೇ ಮೊದಲನೆಯ ತೊಡಕು ಅಡಗಿದೆ. ಹದಿನೆಂಟು ಮಿಲಿಮೀಟರಿನ ಹಲಗೆಯನ್ನು ನಾವು 'ಮುಕ್ಕಾಲು ಇಂಚು' ಎಂದು ಕರೆಯುತ್ತೇವೆ. ಮುಕ್ಕಾಲು ಇಂಚೆಂದರೆ ೧೯.೦೫ ಮಿಲಿಮೀಟರು. ಮುಕ್ಕಾಲು ಇಂಚಿನ ಬಿಟ್ಟಿನಿಂದ ಕಾಲುವೆ ತೋಡಿ, ಅದರಲ್ಲಿ ಈ ಹಲಗೆಯನ್ನು ಕೂರಿಸಿದರೆ ಒಂದು ಮಿಲಿಮೀಟರಿಗೂ ಮಿಕ್ಕ ಸಡಿಲು ಉಳಿಯುತ್ತದೆ. ಪುಸ್ತಕ ಇಟ್ಟ ದಿನದಿಂದಲೇ ಅಂಥ ಕಪಾಟು ಅಲುಗಾಡತೊಡಗುತ್ತದೆ. ಅಂಟು ಎಷ್ಟು ಸುರಿದರೂ ಆ ಸಂದು ನಿಜವಾಗಿ ತುಂಬದು.

ಇದರಲ್ಲಿ ಕೆಡುವುದು ಕಪಾಟು ಮಾತ್ರ. ಎರಡನೆಯ ತೊಡಕಿನಲ್ಲಿ ಕೈಯೇ ಕೆಡಬಹುದು. ಬಿಟ್ಟಿನ ಕಾಂಡವನ್ನು ಹಿಡಿದುಕೊಳ್ಳಲು ಯಂತ್ರದಲ್ಲಿ ಕಾಲೆಟ್ ಎಂಬ, ಸೀಳುಗಳಿರುವ ಉಕ್ಕಿನ ಬಳೆ ಇದೆ. ನಟ್ಟನ್ನು ಬಿಗಿದಾಗ ಬಳೆ ಕುಗ್ಗಿ ಕಾಂಡವನ್ನು ಸುತ್ತಲಿಂದಲೂ ಅಪ್ಪುತ್ತದೆ. ಅದು ಕುಗ್ಗುವುದು ಕೂದಲೆಳೆಯಷ್ಟು ಮಾತ್ರ. ಒಂದು ಕಾಲೆಟ್ಟಿಗೆ ಒಂದೇ ಅಳತೆ. ನಮ್ಮ ಪೇಟೆಯಲ್ಲಿ ಆರು ಮಿಲಿಮೀಟರಿನ ಕಾಂಡದ ಬಿಟ್ಟೂ ಸಿಗುತ್ತದೆ, ಕಾಲು ಇಂಚಿನದೂ ಸಿಗುತ್ತದೆ. ಕಾಲು ಇಂಚೆಂದರೆ ೬.೩೫ ಮಿಲಿಮೀಟರು. ವ್ಯತ್ಯಾಸ ಒಂದು ಮಿಲಿಮೀಟರಿನ ಮೂರರಲ್ಲೊಂದು ಪಾಲು. ಕಾಲು ಇಂಚಿನದು ಆರರ ಕಾಲೆಟ್ಟಿನೊಳಗೆ ಹೋಗುವುದೇ ಇಲ್ಲ. ಅದು ಪ್ರಾಮಾಣಿಕ ನಿರಾಕರಣೆ. ಆದರೆ ಆರರದು ಕಾಲು ಇಂಚಿನ ಕಾಲೆಟ್ಟಿನಲ್ಲಿ ಸಲೀಸಾಗಿ ಇಳಿಯುತ್ತದೆ, ಬಿಗಿಯಾದಂತೆಯೂ ತೋರುತ್ತದೆ. ಮೋಸ ಇರುವುದು ಇಲ್ಲಿ.

ಈ ಮೋಸಕ್ಕೆ ನಾನೂ ಒಳಗಾಗಿದ್ದೇನೆ. ಹಳೆಯ ಮನೆಯ ಬಾಗಿಲಿನಿಂದ ಬಿಚ್ಚಿ ಇಟ್ಟಿದ್ದ ಒಂದು ಹಲಸಿನ ಹಲಗೆ ನನ್ನಲ್ಲಿತ್ತು. ತಾಯಿಯ ಹೊಲಿಗೆಯ ಸಾಮಾನಿಗೆ ಪೆಟ್ಟಿಗೆ ಮಾಡಬೇಕೆಂದು ಅದರಲ್ಲಿ ಐದು ಮಿಲಿಮೀಟರ್ ಆಳದ ಕಾಲುವೆ ತೋಡಲು ಕುಳಿತೆ. ಹೊಸ ಬಿಟ್ಟು ಕೊಂಡಾಗ "ಎರಡೂ ಒಂದೇ ಸಾರ್" ಎಂಬ ಮಾತು ಕೇಳಿ ನಂಬಿದ್ದೆ. ಅರ್ಧ ದಾರಿಯಲ್ಲಿ ಯಂತ್ರದ ದನಿ ಬದಲಾಯಿತು, ಹಿಡಿ ನಡುಗಿತು. ನಿಲ್ಲಿಸಿ ನೋಡಿದರೆ ಐದರಲ್ಲಿ ಆರಂಭವಾದ ಕಾಲುವೆ ಒಂಬತ್ತಕ್ಕೆ ಇಳಿದಿತ್ತು. ಬಿಟ್ಟು ಸ್ವಲ್ಪಸ್ವಲ್ಪವಾಗಿ ಕಾಲೆಟ್ಟಿನಿಂದ ಹೊರಕ್ಕೆ ಜಾರುತ್ತಿತ್ತು. ಇನ್ನೊಂದು ಗೇಣು ಮುಂದೆ ಹೋಗಿದ್ದರೆ? ಇಪ್ಪತ್ತೈದು ಮಿಲಿಮೀಟರ್ ಅಗಲದ ಬಿಟ್ಟು ನಿಮಿಷಕ್ಕೆ ೨೦,೦೦೦ ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ ೯೦ ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಓಡುತ್ತಿರುತ್ತದೆ. ನನ್ನದು ಅಷ್ಟು ದೊಡ್ಡ ಬಿಟ್ಟಲ್ಲ. ಆದರೂ ಬೆರಳು ಉಳಿದದ್ದು ನನ್ನ ಜಾಣತನದಿಂದಲ್ಲ. ಹಲಗೆ ಮಾತ್ರ ಹೋಯಿತು. ಅಂಥ ಹಲಗೆ ಮತ್ತೆ ಸಿಗಲಿಲ್ಲ.

ಹಾಗಾದರೆ ಎರಡು ಪದ್ಧತಿಗಳನ್ನು ಕೂಡಿಸಲೇಬಾರದೆ ಎಂದು ನೀವು ಕೇಳಬಹುದು. ಕೂಡಿಸಬಹುದು, ತಿಳಿದು ಕೂಡಿಸಬೇಕು. ಬ್ರಿಟನ್ನಿನಲ್ಲಿ ಅಡಿಗೆಮನೆಯ ಮೇಲ್ಹಲಗೆಗಳನ್ನು ಮೂಲೆಯಲ್ಲಿ ಜೋಡಿಸಲು ಬಳಸುವ ಅಚ್ಚುಗಳನ್ನು ನೋಡಿರಿ. ಅಚ್ಚಿನ ಅಂಚಿಗೆ ತಾಗಿ ಓಡುವ ಉಂಗುರ, ಗೈಡ್ ಬುಷ್, ೩೦ ಮಿಲಿಮೀಟರಿನದು. ಕೊರೆಯುವ ಬಿಟ್ಟು ಅರ್ಧ ಇಂಚಿನದು, ಅಂದರೆ ೧೨.೭ ಮಿಲಿಮೀಟರು. ಉಂಗುರದಲ್ಲಿ ಬಿಟ್ಟನ್ನು ಕಳೆದು ಅರ್ಧ ಮಾಡಿದರೆ ೮.೬೫. ಅಚ್ಚಿನಿಂದ ಅಷ್ಟು ಒಳಕ್ಕೆ ಕೊರೆತ ಬೀಳುತ್ತದೆ. ಅಚ್ಚು ಮಾಡಿದವರು ಆ ಲೆಕ್ಕವನ್ನು ಮೊದಲೇ ಹಿಡಿದಿದ್ದಾರೆ. ಅಲ್ಲಿ ಹನ್ನೆರಡು ಮಿಲಿಮೀಟರಿನ ಬಿಟ್ಟು ಹಾಕಿದಿರೋ, ಒಂಬತ್ತಾಯಿತು, ಮೂಲೆ ಕೂಡಲಿಲ್ಲ.

ಆದ್ದರಿಂದ ಮೂರು ಮಾತು. ಮೊದಲನೆಯದು: ಬಿಟ್ಟು ಕೊಂಡ ದಿನವೇ ಅದರ ಕಾಂಡವನ್ನು ವರ್ನಿಯರಿನಿಂದ ಅಳೆಯಿರಿ, ಆರರವನ್ನೂ ಕಾಲು ಇಂಚಿನವನ್ನೂ ಬೇರೆಬೇರೆ ಡಬ್ಬಿಯಲ್ಲಿಡಿ. ಕಾಲೆಟ್ಟಿನ ಮೇಲೆ ಕೊರೆದ ಅಂಕೆಯನ್ನು ಓದದೆ ಬಿಗಿಯಬೇಡಿ. ಕಾಂಡವನ್ನು ತಳಮುಟ್ಟ ಇಳಿಸಿ, ಎರಡು ಮೂರು ಮಿಲಿಮೀಟರ್ ಮೇಲಕ್ಕೆಳೆದು ಆಮೇಲೆ ಬಿಗಿಯಿರಿ. ಇದೆಲ್ಲವೂ ಪ್ಲಗ್ಗನ್ನು ಕಿತ್ತ ಮೇಲೆ. ಎರಡನೆಯದು: ಒಂದು ಕೆಲಸಕ್ಕೆ ಒಂದೇ ಪಟ್ಟಿ, ನಡುವೆ ಭಾಷೆ ಬದಲಾಯಿಸಬೇಡಿ. ಮೂರನೆಯದು: ಸಾಧ್ಯವಾದಲ್ಲೆಲ್ಲ ವಸ್ತುವನ್ನೇ ಅಳತೆಯಾಗಿಸಿಕೊಳ್ಳಿ. ಬಿಟ್ಟಿನ ತುದಿ ಹಲಗೆಯನ್ನು ಮುಟ್ಟಿರುವಾಗ, ಆಳದ ಸರಳಿಗೂ ಅದರ ತಡೆಗೂ ನಡುವೆ ಕೂರಿಸಬೇಕಾದ ಹಲಗೆಯ ತುಂಡನ್ನೇ ಇಟ್ಟು ಸರಳನ್ನು ಬಿಗಿದರೆ, ಅದೇ ನಿಮಗೆ ಬೇಕಾದ ಆಳ. ಮೊದಲು ಹಾಳು ತುಂಡಿನ ಮೇಲೆ ಒಮ್ಮೆ ತೋಡಿ ನೋಡಿ. ಆ ಕಾಲುವೆಗೆ ಇಂಚೂ ತಿಳಿಯದು, ಮೀಟರೂ ತಿಳಿಯದು. ಹಲಗೆ ಕೂತಿತೇ ಇಲ್ಲವೇ ಎಂಬುದಷ್ಟೇ ತಿಳಿದಿದೆ.

ನಿಮ್ಮ ಮನೆಗೆ ಕಪಾಟು ಮಾಡಲು ಬಡಗಿ ಬಂದರೆ ಅವನು ಇಂಚಿನಲ್ಲಿ ಎಣಿಸುತ್ತಾನೆಂದು ನಗಬೇಡಿ. ಅವನ ಕೈಗೆ ಆ ಲೆಕ್ಕ ಬಂದಿದೆ. ಯಾವ ಕಾಲೆಟ್ಟಿನಲ್ಲಿ ಯಾವ ಬಿಟ್ಟು ಇದೆ ಎಂದು ಮಾತ್ರ ಒಮ್ಮೆ ಕೇಳಿ. ಅವನ ಹತ್ತು ಬೆರಳೂ ಸಂಜೆ ಅವನೊಡನೆ ಮನೆಗೆ ಹೋಗಬೇಕು.