ಯಾವ ಊರವರು ಅಂತ ಕೇಳಿದರು
(ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಹಳ್ಳಿಯಿಂದ ಕಲಬುರಗಿಗೆ ಓದಲು ಬಂದ ದಿನ ನಾವು ಮೊದಲು ಹುಡುಕಿದ್ದು ಹಾಸ್ಟೆಲ್ಲನ್ನಲ್ಲ, ಜಗತ್ ಸರ್ಕಲ್ಲಿನ ಬಾಬಾಸಾಹೇಬರ ಪ್ರತಿಮೆಯನ್ನು. ಟ್ರಂಕು ಕೆಳಗಿಟ್ಟು ನಿಂತಾಗ 'ಈ ಊರಾಗ ನಮ್ಮವರೊಬ್ರು ಅದಾರ' ಅನ್ನಿಸಿತ್ತು.

ಐವಾನ್-ಎ-ಶಾಹಿ ಕಡೆ ನಡೆದರೆ ಬೇರೆಯದೇ ಊರು. ನಿಜಾಮರ ಕಾಲದ ಅತಿಥಿಗೃಹ, ಉದ್ದುದ್ದ ಗೋಡೆಗಳು. ಶಾಹಿ ಅಂದರೆ ದೊರೆಗೆ ಸೇರಿದ್ದು. 1948ರಲ್ಲಿ ದೊರೆತನ ಹೋಯಿತು, ಹೆಸರು ಉಳಿಯಿತು. ಇರಲಿ, ಹೆಸರಿನ ಮೇಲೆ ನಮಗೆ ಸಿಟ್ಟಿಲ್ಲ. ಶಹಾಬಾದಿನ ಕಲ್ಲಿನ ಮೇಲೆ ಊರೆಲ್ಲ ಓಡಾಡುತ್ತದೆ. ಅದನ್ನು ಸೀಳಿದವರ, ಹೊತ್ತವರ ಹೆಸರು ಯಾವ ಗೋಡೆ ಮೇಲೈತ್ರಿ?

ಒಂದು ಏಪ್ರಿಲ್ 13ರ ರಾತ್ರಿ ಆ ಕಡೆಯ ಒಂದು ಗೋಡೆಗೆ ಚಿತ್ರ ಬರೆಯಲು ಹೋದೆವು. ಯಾರ ಗೋಡೆ ಅನ್ನುವುದು ಇಲ್ಲಿ ಬೇಡ. ಬುದ್ಧ ಅರ್ಧ ಆಗಿದ್ದ. (ಮೂಗು ಸರಿ ಬಂದಿರಲಿಲ್ಲ, ಒಪ್ಪುತ್ತೇವೆ.) 'ಯಾರ ಪರ್ಮಿಷನ್? ಯಾವ ಊರವರು ನೀವು?' ಎಂದರು. ಪಕ್ಕದಲ್ಲೇ ಟ್ಯೂಷನ್ ಜಾಹೀರಾತು, ಸಿನಿಮಾ ಪೋಸ್ಟರು. ಅವನ್ನು ಯಾರೂ ಊರು ಕೇಳಿರಲಿಲ್ಲ. ಬೆಳಿಗ್ಗೆ ನೋಡಿದರೆ ಬುದ್ಧನ ಮೇಲೆ ಸುಣ್ಣ. ಒಂದು ಕಿವಿ ಮಾತ್ರ ಉಳಿದಿತ್ತು.

ಯಾವ ಊರವರು ಅಂತ! ಇದೇ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನೆಲ ಅಗೆದಾಗ ಬೌದ್ಧ ಸ್ತೂಪವೇ ಎದ್ದು ಬಂತು. ಒಂದು ಕಲ್ಲಿನಲ್ಲಿ ಅಶೋಕ ರಾಣಿಯ ಜೊತೆ ನಿಂತಿದ್ದಾನೆ. 'ರಾಯ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಕೊರೆದಿದೆ. ದೊರೆಯದಷ್ಟೇ ಅಲ್ಲ, ಕಲ್ಲು ದಾನ ಕೊಟ್ಟ ಸಾಮಾನ್ಯರ, ಭಿಕ್ಷುಣಿಯರ ಹೆಸರೂ ಅಲ್ಲಿವೆ. ನಾವು ಹೊಸದೇನನ್ನೂ ಕೇಳುತ್ತಿಲ್ಲ.

ಪ್ರತಿಮೆ ಇದೆಯಲ್ಲ, ಇನ್ನೇನು ಬೇಕು ಅನ್ನುವವರಿದ್ದಾರೆ. 2024ರ ಜನವರಿಯಲ್ಲಿ ಈ ನಗರದ ಅಂಚಿನ ಕೋಟನೂರಿನಲ್ಲೇ ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದರು. ತಮಿಳುನಾಡಿನಲ್ಲಿ ಎಷ್ಟೋ ಕಡೆ ಅವರು ಕಬ್ಬಿಣದ ಪಂಜರದೊಳಗೆ ನಿಂತಿದ್ದಾರೆ. ಪಂಜರ ಕಾಯುತ್ತದೆ ನಿಜ. ಆದರೆ ಅದರ ಬುಡದಲ್ಲಿ ಟ್ರಂಕು ಇಟ್ಟು ಕೂತ ಹುಡುಗನನ್ನು ಯಾರು ಕಾಯುತ್ತಾರೆ?

ನಮ್ಮ ತಪ್ಪೂ ಇದೆ. ಕಳ್ಳರಂತೆ ರಾತ್ರಿ ಹೋದೆವು. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಬಾಗಿಲು ಸಂಜೆಗೇ ಮುಚ್ಚುತ್ತದೆ. ನಮ್ಮೊಳಗೆ ಒಬ್ಬ ತಂಗಿಯೂ ಇರಲಿಲ್ಲ. ನಮಗೆ ಬ್ರಷ್ ಹಿಡಿಯಲು ಕಲಿಸಿದ ಬೋರ್ಡ್ ಬರೆಯುವ ಸಾಬರನ್ನೂ ಕರೆದಿರಲಿಲ್ಲ. ಕನ್ನಡ, ಉರ್ದು ಎರಡರಲ್ಲೂ ಅವರ ಕೈ ಓಡುತ್ತದೆ.

ಈ ಸಲ ಹಗಲಿನಲ್ಲೇ ಹೋಗೋಣ. ಕಲ್ಲು ಒಡೆದವರ, ಬೀದಿ ಗುಡಿಸುವವರ ಹೆಸರು ಎರಡೂ ಲಿಪಿಯಲ್ಲಿ ಬರೆಯೋಣ. ಒಂದು ಗೋಡೆ ಕೊಡಿ ಎಂದು ಪಾಲಿಕೆಗೆ ಅರ್ಜಿ ಬರೆದಿಟ್ಟಿದ್ದೇವೆ. ಸಹಿ ಮಾಡುವವರು ಸಭೆ ಮುಗಿದ ಮೇಲೆ ನಿಲ್ಲಿರಿ. ಅಜ್ಜ, ಅಜ್ಜಿಯರ ಹೆಸರು ಮನೆಯಲ್ಲಿ ಕೇಳಿಕೊಂಡು ಬನ್ನಿರಿ.