ಕೀನ್ಯಾದ ಹಳ್ಳಿಯಲ್ಲಿ ಹತ್ತು ವಾರ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು 2004ರಲ್ಲಿ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು. ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಂಘಟಕರು ‘ವಿದೇಶದ ಅನುಭವ’ ಹೇಳಪ್ಪ ಅಂದರು. ಅಮೆರಿಕಕ್ಕೆ ಕಂಪನಿಯವರು ಎರಡು ಸಲ ಕಳಿಸಿದ್ದುಂಟು. ಅಲ್ಲಿ ನಾನು ನೋಡಿದ್ದು ಒಂದು ಹೋಟೆಲ್ ಕೋಣೆ, ಒಂದು ಆಫೀಸು, ಕಿಟಕಿಯಾಚೆಯ ಹಿಮ. ಅದರಲ್ಲಿ ನಿಮಗೆ ಹೇಳುವಂಥದ್ದೇನಿಲ್ಲ. ಹೇಳಬೇಕಾದದ್ದು ಕೀನ್ಯಾದ ವಿಷಯ. ಮಹೋತ್ಸವದ ನಿಧಿಯನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ನಿನ್ನೆಯಿಂದ ಇಲ್ಲಿ ಚರ್ಚೆ ನಡೆದಿದೆಯಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆ.

2012ರಲ್ಲಿ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಸಮುದಾಯ ಅಭಿವೃದ್ಧಿ ಕೆಲಸಕ್ಕೆ ಹೊರದೇಶದ ಯುವಕರನ್ನು ಇಂಟರ್ನ್ ಆಗಿ ಕಳಿಸುವ ಸಂಸ್ಥೆಯೊಂದರ ಬಗ್ಗೆ ಗೆಳೆಯನೊಬ್ಬ ಹೇಳಿದ. ಸಂಬಳವಿಲ್ಲದ ರಜೆ ಹಾಕಿ ಹೊರಟೆ. ಅವರು ದುಡ್ಡು ಕೊಡುವುದಿರಲಿ, ನಾವೇ ಶುಲ್ಕ ಕಟ್ಟಬೇಕು. ಅದರಲ್ಲಿ ಒಂದು ಪಾಲು ನಾವು ಉಳಿದುಕೊಳ್ಳುವ ಮನೆಯವರಿಗೆ ಹೋಗುತ್ತದೆ. ಇದು ನಮ್ಮಪ್ಪನಿಗೆ ಕೊನೆಗೂ ಅರ್ಥವಾಗಲಿಲ್ಲ. ‘ಕೂಲಿ ಕೊಟ್ಟು ಕೂಲಿಗೆ ಹೋಗೋನ್ನ ನಿನ್ನೊಬ್ಬನ್ನೇ ನಾನು ನೋಡಿದ್ದು’ ಅಂದರು. ಅಪ್ಪನ ಮಾತು ಸುಳ್ಳೇನಲ್ಲ. ಹತ್ತು ವಾರದಲ್ಲಿ ಹೊರಗಿನಿಂದ ಹೋದವನು ಯಾವ ಹಳ್ಳಿಯನ್ನೂ ಉದ್ಧಾರ ಮಾಡಲಾರ. ಅವನು ಹಣ ಕೊಟ್ಟು ಇರುವ ಅತಿಥಿ. ಕೈಲಾದರೆ ಒಬ್ಬ ಗುಮಾಸ್ತ. ನಾನು ಗುಮಾಸ್ತನಾಗಿದ್ದೆ.

ಹಳ್ಳಿ ಇದ್ದದ್ದು ಪಶ್ಚಿಮ ಕೀನ್ಯಾದ ಸಿಯಾಯಾ ಪ್ರದೇಶದಲ್ಲಿ, ವಿಕ್ಟೋರಿಯಾ ಸರೋವರದ ಕಡೆ. ಹತ್ತಿರದ ದೊಡ್ಡ ಊರು ಕಿಸುಮು. ಸಮಾಜ ಪಾಠದ ಮೇಷ್ಟ್ರು ಗ್ಲೋಬಿನ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದ ಸಮಭಾಜಕ ವೃತ್ತ ಅಲ್ಲೇ ಮಸೆನೊ ಎಂಬ ಪೇಟೆಯಲ್ಲಿ ಹಾದುಹೋಗುತ್ತದೆ. ರಸ್ತೆ ಬದಿಯಲ್ಲಿ ಗುರುತು ಹಾಕಿದ್ದಾರೆ. ಜನ ಲುವೊ ಸಮುದಾಯದವರು. ಬರಾಕ್ ಒಬಾಮಾ ಅವರ ತಂದೆಯ ಊರು ಕೊಗೆಲೊ ಇರುವುದೂ ಸಿಯಾಯಾದಲ್ಲೇ. ಆಗ ಒಬಾಮಾ ಅಧ್ಯಕ್ಷರಾಗಿದ್ದ ಕಾಲ. ಪರಿಚಯವಾದ ಐದು ನಿಮಿಷದೊಳಗೆ ಈ ಸಂಗತಿ ತಿಳಿಸದೆ ಯಾರೂ ನನ್ನನ್ನು ಬಿಡುತ್ತಿರಲಿಲ್ಲ.

ಲುವೊ ಜನ ಮನೆ ಅನ್ನುವುದಕ್ಕೆ ‘ದಾಲಾ’ ಅನ್ನುತ್ತಾರೆ. ಒಂದೇ ಬೇಲಿಯೊಳಗೆ ಮೂರ್ನಾಲ್ಕು ಮನೆ. ಬೆಳೆದ ಗಂಡುಮಕ್ಕಳಿಗೆ ‘ಸಿಂಬಾ’ ಅಂತ ಬೇರೆ ಗುಡಿಸಲು. ಮನೆಯ ಹಿರಿಮಗ ನೈರೋಬಿಯಲ್ಲಿ ಕೆಲಸದಲ್ಲಿದ್ದ, ಅವನ ಸಿಂಬಾ ನನಗೆ ಸಿಕ್ಕಿತು. ಮನೆಯೊಡತಿಯನ್ನು ಎಲ್ಲರ ಹಾಗೆ ನಾನೂ ‘ಮಾಮಾ’ ಅಂತ ಕರೆದೆ. ಸ್ವಾಹಿಲಿಯಲ್ಲಿ ಮಾಮಾ ಅಂದರೆ ತಾಯಿ. ಮೊದಲ ವಾರ ಫೋನಿನಲ್ಲಿ ನಮ್ಮವ್ವನಿಗೆ ‘ಮಾಮಾ ರಾತ್ರಿ ಬಿಸಿಬಿಸಿ ಊಟ ಹಾಕಿದ್ರು’ ಅಂದೆ. ನಮ್ಮವ್ವ, ‘ಪಾಪ, ಆ ಮನೇಲಿ ಹೆಂಗಸ್ರಿಲ್ವೇನಪ್ಪ?’ ಅಂತ ಮರುಗಿದರು.

ಊಟದ ವಿಷಯ ಹೇಳಲೇಬೇಕು. ಅಲ್ಲಿ ದಿನನಿತ್ಯ ಜೋಳದ ಹಿಟ್ಟಿನ ಮುದ್ದೆ. ನಮ್ಮ ಬಿಳಿಜೋಳ ಅಲ್ಲ, ಮುಸುಕಿನ ಜೋಳ. ಲುವೊ ಭಾಷೆಯಲ್ಲಿ ‘ಕುವೊನ್’, ಸ್ವಾಹಿಲಿಯಲ್ಲಿ ‘ಉಗಾಲಿ’. ಜೊತೆಗೆ ಸರೋವರದ ಸಣ್ಣ ಮೀನು ‘ಒಮೆನಾ’, ಇಲ್ಲವೇ ಸೊಪ್ಪು. ಒಂದು ದಿನ ‘ಒಸುಗಾ’ ಅಂತ ಬಡಿಸಿದ ಸೊಪ್ಪನ್ನು ಬಾಯಿಗಿಟ್ಟರೆ ನಮ್ಮ ಗಣಿಕೆ ಸೊಪ್ಪು! ಇನ್ನೊಂದು ಬೆಳಿಗ್ಗೆ ಮಾಮಾ ಮೊರದಲ್ಲಿ ಕೇರುತ್ತಿದ್ದದ್ದು ಸಾಕ್ಷಾತ್ ರಾಗಿ. ‘ಇದು ನಮ್ಮೂರಿನ ಕಾಳು’ ಅಂತ ನಾನಂದರೆ, ‘ನಮ್ಮಜ್ಜಿಯ ಅಜ್ಜಿ ಕಾಲದಿಂದ ನಮ್ಮದು’ ಅಂತ ಅವರು. ಗೆದ್ದದ್ದು ಅವರೇ. ರಾಗಿಯನ್ನು ಮೊದಲು ಬೇಸಾಯಕ್ಕೆ ತಂದದ್ದು ಪೂರ್ವ ಆಫ್ರಿಕದ ಎತ್ತರದ ನಾಡಿನಲ್ಲಿ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮಗೆ ಬಂತು.

ಇನ್ನೊಂದು ಬೆರಗು, ದುಡ್ಡಿನದು. ನಮ್ಮಲ್ಲಿ ಯುಪಿಐ ಬಂದದ್ದು 2016ರಲ್ಲಿ. ಅಲ್ಲಿ 2007ರಿಂದಲೇ ಎಂ-ಪೆಸಾ ಇತ್ತು. ಪೆಸಾ ಅಂದರೆ ನಮ್ಮ ಪೈಸೆಯೇ. ನೈರೋಬಿಯ ಮಗ ಕಳಿಸಿದ ಹಣವನ್ನು ಮಾಮಾ ಬಟನ್ ಫೋನಿನಲ್ಲಿ ಪಡೆದು ಊರಿನ ಅಂಗಡಿಯಲ್ಲಿ ನಗದು ಮಾಡಿಕೊಳ್ಳುತ್ತಿದ್ದರು. ಕಂಪ್ಯೂಟರ್ ಓದಿದ ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಆ ವರ್ಷ ನಮ್ಮಪ್ಪ ಹಣ ತೆಗೆಯಲು ಬ್ಯಾಂಕಿನ ಸಾಲಿನಲ್ಲಿ ಅರ್ಧ ದಿನ ನಿಲ್ಲುತ್ತಿದ್ದರು.

ಈಗ ಪಂಪಿನ ವಿಷಯ. ಊರಿಗೆಲ್ಲ ಒಂದೇ ಕೈಪಂಪು. ಅಫ್ರಿಡೆವ್ ಅಂತ ಅದರ ಹೆಸರು. ನಮ್ಮ ಶಾಲೆಯ ಮುಂದೆ ಬೇವಿನ ಮರದಡಿ ಇದ್ದ ಬೋರ್‌ವೆಲ್ ಪಂಪು ನಿಮಗೆ ನೆನಪಿರಬೇಕು. ಅದು ಇಂಡಿಯಾ ಮಾರ್ಕ್-2. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ರೂಪಿಸಿದ ಗಟ್ಟಿ ಪಂಪು. ಒಂದೇ ತೊಂದರೆ: ಒಳಗಿನ ವಾಷರ್ ಸವೆದರೆ ಕಬ್ಬಿಣದ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ತಾಲ್ಲೂಕಿನಿಂದ ಗಾಡಿ ಬರಬೇಕು, ಮೆಕ್ಯಾನಿಕ್ ಬರಬೇಕು. ಅಫ್ರಿಡೆವ್ ಪಂಪನ್ನು ಊರಿನವರೇ ರಿಪೇರಿ ಮಾಡಿಕೊಳ್ಳಲಿ ಅಂತಲೇ 1980ರ ದಶಕದಲ್ಲಿ ಆಫ್ರಿಕದಲ್ಲಿ ರೂಪಿಸಿದರು. ಪೈಪು ಹೊರಗೆ ತೆಗೆಯುವ ಹಾಗಿಲ್ಲ. ಒಂದೇ ಪಾನಾದಿಂದ ತಲೆ ಬಿಚ್ಚಿ, ಒಂದಕ್ಕೊಂದು ಕೊಂಡಿ ಹಾಕಿದ ಸರಳುಗಳನ್ನು ಎಳೆದರೆ ಪಿಸ್ಟನ್ ಪೈಪಿನೊಳಗಿಂದಲೇ ಮೇಲೆ ಬರುತ್ತದೆ. ಇಂಜಿನಿಯರ್ ಆಗಿ ಹೇಳುತ್ತೇನೆ, ಹೀಗೆ ಸರಳವಾಗಿ ಮಾಡುವುದು ಬಹಳ ಕಷ್ಟದ ಕೆಲಸ.

ಆದರೆ ಎರಡು ಕಿಲೋಮೀಟರ್ ಆಚೆ ಅಂಥದೇ ಇನ್ನೊಂದು ಪಂಪು ಕೆಟ್ಟು ನಿಂತಿತ್ತು. ಮಕ್ಕಳು ಅದರ ಹಿಡಿಗೆ ಜೋತುಬಿದ್ದು ಆಡುತ್ತಿದ್ದರು. ಪಂಪು ಅದೇ, ಪಾನಾ ಅದೇ. ಆ ಊರಿನಲ್ಲಿ ಸಮಿತಿ ಇರಲಿಲ್ಲ.

ನಮ್ಮೂರಿನಲ್ಲಿ, ಅಂದರೆ ಮಾಮಾ ಊರಿನಲ್ಲಿ, ಇತ್ತು. ತಿಂಗಳಿಗೆ ಮನೆಗೆ ಇಪ್ಪತ್ತು ಶಿಲಿಂಗ್. ಹಣ ಇಡಲು ತಗಡಿನ ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಪೆಟ್ಟಿಗೆ ಖಜಾಂಚಿಯಾದ ಮಾಮಾ ಮನೆಯಲ್ಲಿ, ಮೂರು ಕೀಲಿ ಬೇರೆ ಮೂವರ ಮನೆಯಲ್ಲಿ. ಎಲ್ಲರೂ ಕೂತಾಗ ಮಾತ್ರ ತೆರೆಯುತ್ತದೆ. ನನ್ನ ಕೆಲಸ ಅದರ ಲೆಕ್ಕದ ಪುಸ್ತಕ ಅಚ್ಚುಕಟ್ಟು ಮಾಡುವುದು, ಯಾರ ಬಾಕಿ ಎಷ್ಟು ಅಂತ ಪಟ್ಟಿ ಬರೆದು ಸಭೆಯಲ್ಲಿ ಓದುವುದು.

ಏಳನೆಯ ವಾರ ಪಂಪು ಗಾಳಿ ಕಾರತೊಡಗಿತು. ಐವತ್ತು ಸಲ ಒತ್ತಿದರೆ ಅರ್ಧ ಕೊಡ. ಮರುದಿನ ಅದೂ ಇಲ್ಲ. ಸುದ್ದಿ ತಿಳಿದು ನನ್ನನ್ನು ಕಳಿಸಿದ್ದ ಸಂಸ್ಥೆಯ ಅಧಿಕಾರಿ ಮೋಟಾರ್ ಬೈಕಿನಲ್ಲಿ ಬಂದರು. ಬಿಡಿಭಾಗಗಳ ಹೊಸ ಸೆಟ್ಟು ಕಚೇರಿಯಲ್ಲಿದೆ, ಸಂಜೆಯೊಳಗೆ ಪುಕ್ಕಟೆ ಹಾಕಿಸುತ್ತೇವೆ, ಒಂದು ಸಹಿ, ಒಂದು ಫೋಟೋ ಸಾಕು ಅಂದರು.

ಮರದ ಕೆಳಗೆ ಸಭೆ ಸೇರಿತು. ಮಾತೆಲ್ಲ ಲುವೊ ಭಾಷೆಯಲ್ಲಿ. ಎಂಟನೇ ತರಗತಿ ಓದುತ್ತಿದ್ದ ಮಾಮಾ ಮಗಳು ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಪಿಸುಗುಡುತ್ತಿದ್ದಳು. ಮಾಮಾ ಎದ್ದು ನಿಂತರು. ‘ಈ ಸಲ ನೀವು ಪುಕ್ಕಟೆ ಕೊಟ್ಟರೆ ಬರುವ ತಿಂಗಳು ಇಪ್ಪತ್ತು ಶಿಲಿಂಗ್ ಯಾರು ಕೊಡ್ತಾರೆ? ಮುಂದಿನ ಸಲ ಕೆಟ್ಟಾಗ ನೀವು ಎಲ್ಲಿರ್ತೀರಿ?’ ಅಧಿಕಾರಿ ನಕ್ಕರು. ಆದರೆ ಕಂಕುಳಲ್ಲಿ ಕೂಸು ಇಟ್ಟುಕೊಂಡಿದ್ದ ಒಬ್ಬಾಕೆ ನಗಲಿಲ್ಲ. ‘ನಿನ್ನ ಪೆಟ್ಟಿಗೆಯನ್ನ ನನ್ನ ಮಗುವಿಗೆ ಕುಡಿಸಲಾ?’ ಅಂತ ಕೇಳಿದಳು. ಮಾಮಾ ಅದಕ್ಕೆ ಉತ್ತರ ಕೊಡಲಿಲ್ಲ. ಕೈ ಎತ್ತಿಸಿದರು. ಸ್ವಲ್ಪದರಲ್ಲೇ ಮಾಮಾ ಕಡೆ ಹೆಚ್ಚಾಯಿತು. ಅಧಿಕಾರಿ ಬೈಕು ಹತ್ತಿ ಹೋದರು.

ಆಮೇಲೆ ನೋಡಿದರೆ ಕೀಲಿ ಇದ್ದವರಲ್ಲಿ ಒಬ್ಬರು ನೆಂಟರ ಸಾವಿಗೆ ದೂರ ಹೋಗಿದ್ದಾರೆ. ಲುವೊ ಜನರಲ್ಲಿ ಸಾವೆಂದರೆ ಒಂದು ದಿನದಲ್ಲಿ ಮುಗಿಯುವುದಿಲ್ಲ. ಬೀಗ ಒಡೆಯೋಣ ಅಂದರು ಕೆಲವರು. ಬೇಡ, ಒಮ್ಮೆ ಒಡೆದರೆ ಬೀಗಕ್ಕೆ ಬೆಲೆಯಿರಲ್ಲ ಅಂದರು ಮಾಮಾ. ಎರಡು ದಿನ ಕಾದರು. ಕಿಸುಮುವಿಗೆ ಹೋಗಿ ಭಾಗ ತರಲು ಇನ್ನೊಂದು ದಿನ. ಒಟ್ಟು ನಾಲ್ಕು ದಿನ ಊರೆಲ್ಲ ಹಳ್ಳದ ಕೆಂಪು ನೀರು ತಂದು ಕುದಿಸಿತು. ನಾನೂ ಕ್ಯಾನು ಹಿಡಿದು ಹೋದೆ. ಬೆನ್ನು ಹಿಡಿದುಕೊಂಡು ಬಂದ ನನ್ನನ್ನು ನೋಡಿ ಹೆಂಗಸರಿಗೆ ಒಳ್ಳೆ ತಮಾಷೆ.

ಐದನೆಯ ದಿನ ತರಬೇತಿ ಪಡೆದಿದ್ದ ಇಬ್ಬರು ಹೆಂಗಸರು, ಒಬ್ಬ ಹುಡುಗ ಪಂಪಿನ ತಲೆ ಬಿಚ್ಚಿದರು. ಸವೆದು ಹರಿದ ಸೀಲ್ ತೆಗೆದು ಹೊಸದು ಹಾಕಿ ಮುಚ್ಚಿದರು. ಒಂದು ಗಂಟೆಯೂ ಹಿಡಿಯಲಿಲ್ಲ. ನನ್ನ ಪಾಲಿಗೆ ಬಂದದ್ದು ಬೋಲ್ಟುಗಳು ಕಳೆದುಹೋಗದಂತೆ ಟೋಪಿಯಲ್ಲಿ ಹಿಡಿದುಕೊಂಡು ನಿಲ್ಲುವ ಕೆಲಸ. ಆ ತಿಂಗಳು ಬಾಕಿ ಇದ್ದವರಲ್ಲಿ ಬಹಳ ಮಂದಿ ತಾವಾಗಿಯೇ ಬಂದು ಕಟ್ಟಿದರು. ಕೂಸಿನ ತಾಯಿಯೂ ಕಟ್ಟಿದಳು, ಮಾಮಾ ಮುಖ ನೋಡದೆ.

ಮಾಮಾ ಮಾಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಆದರೆ ಆ ನಾಲ್ಕು ದಿನದ ಬೆಲೆ ಕೊಟ್ಟವರು ಸಭೆಯಲ್ಲಿ ಕೈ ಎತ್ತಿದವರಲ್ಲ. ಮಾಮಾ ಮಗಳಿಗೆ ಆ ವರ್ಷ ಪ್ರಾಥಮಿಕ ಶಾಲೆ ಮುಗಿಸುವ ಕೆ.ಸಿ.ಪಿ.ಇ. ಪರೀಕ್ಷೆ. ಬೆಳಗಿನ ಜಾವ ಎರಡು ಸಲ ಹಳ್ಳಕ್ಕೆ ಹೋಗಿ ಬಂದು, ನಾಲ್ಕು ದಿನವೂ ತಡವಾಗಿ ಶಾಲೆ ಮುಟ್ಟಿದಳು. ನೀರು ನಿಂತರೆ ಮೊದಲು ನಿಲ್ಲುವುದು ಹುಡುಗಿಯರ ಪಾಠ. ಇದನ್ನು ಅವಳೇ ಮುಂದಿನ ಸಭೆಯಲ್ಲಿ ಎದ್ದು ಹೇಳಿದಳು. ಕೀಲಿ ಹಿಡಿದವರು ಊರು ಬಿಡುವಾಗ ಇನ್ನೊಬ್ಬರಿಗೆ ಕೊಟ್ಟು ಹೋಗಬೇಕು, ಒಂದು ಸೆಟ್ಟು ಸೀಲ್ ಪೆಟ್ಟಿಗೆಯಲ್ಲೇ ಇರಬೇಕು ಅಂತ ನಿಯಮ ಬರೆಸಿದ್ದು ಆ ಹುಡುಗಿ. ಬರೆದದ್ದು ಗುಮಾಸ್ತ, ಅಂದರೆ ನಾನು. ಈಗ ಅವಳು ನರ್ಸ್. ವಾಟ್ಸಾಪಿನಲ್ಲಿ ಆಗಾಗ ಮಾತಾಡುತ್ತೇವೆ. ಹಿಡಿಯ ಬುಷ್ಷುಗಳು ಎರಡು ಸಲ ಬದಲಾಗಿವೆಯಂತೆ, ಪಂಪು ನಡೆಯುತ್ತಿದೆಯಂತೆ.

ಇನ್ನು ನಮ್ಮ ಶಾಲೆ. ಒಳಗೆ ವರಾಂಡದಲ್ಲಿ ನೀರು ಶುದ್ಧ ಮಾಡುವ ಯಂತ್ರವೊಂದಿದೆ. ಅದರ ಮೇಲೆ ದಾನಿಗಳ ಹೆಸರು ಇವತ್ತಿಗೂ ಚೆನ್ನಾಗಿ ಓದಬಹುದು, ನೀರು ಮಾತ್ರ ಬರುವುದಿಲ್ಲ. ಫಿಲ್ಟರ್ ಬದಲಿಸಲು ಯಾರ ಬಳಿಯೂ ದುಡ್ಡಿರಲಿಲ್ಲ, ಅದು ಯಾರ ಕೆಲಸ ಅಂತ ಯಾರಿಗೂ ಹೇಳಿರಲಿಲ್ಲ. ಕೊಟ್ಟವರನ್ನು ದೂರುತ್ತಿಲ್ಲ, ಪ್ರೀತಿಯಿಂದಲೇ ಕೊಟ್ಟಿದ್ದಾರೆ. ನಿನ್ನೆಯ ಚರ್ಚೆಯಲ್ಲಿ ಇನ್ನೊಂದು ದೊಡ್ಡ ಯಂತ್ರ, ಜೊತೆಗೆ ಸ್ಮಾರ್ಟ್ ಕ್ಲಾಸ್ ಅಂತ ಕೇಳಿಬಂತು. ನಮ್ಮ 2004ರ ಬ್ಯಾಚಿನವರು ಮಾತಾಡಿಕೊಂಡಿದ್ದೇವೆ: ನಮ್ಮ ಪಾಲಿನ ಹಣ ಹೊಸ ಯಂತ್ರಕ್ಕಲ್ಲ. ಅದನ್ನು ಶಾಲೆಯ ಹೆಸರಿನಲ್ಲಿ ಠೇವಣಿ ಇಡುತ್ತೇವೆ. ಬಡ್ಡಿಯಲ್ಲಿ ಇರುವ ಯಂತ್ರದ ಫಿಲ್ಟರ್, ಹುಡುಗಿಯರ ಶೌಚಾಲಯದ ಮೋಟಾರು, ನಲ್ಲಿ, ಇಷ್ಟೇ. ಸಹಿ ಮೂರು ಜನರದು: ಮುಖ್ಯೋಪಾಧ್ಯಾಯರು, ಊರಿನ ತಾಯಂದಿರಲ್ಲಿ ಒಬ್ಬರು, ಹಳೆಯ ವಿದ್ಯಾರ್ಥಿಗಳ ಪರವಾಗಿ ಊರಿನಲ್ಲೇ ಇರುವ ಒಬ್ಬರು. ಬೆಂಗಳೂರಿನಲ್ಲಿರುವ ನನ್ನಂಥವರು ಬೇಡ. ಲೆಕ್ಕವನ್ನು ತಿಂಗಳಿಗೊಮ್ಮೆ ಹತ್ತನೇ ತರಗತಿಯ ಇಬ್ಬರು ಹುಡುಗಿಯರು ಫಲಕದ ಮೇಲೆ ಬರೆಯಲಿ.

ಇದು ನಮ್ಮ ಬ್ಯಾಚಿನ ಮಾತಷ್ಟೇ, ಒಪ್ಪದವರು ಇರಬಹುದು. ಊಟವಾದ ಮೇಲೆ ಹತ್ತನೇ ‘ಬಿ’ ಕೊಠಡಿಯಲ್ಲಿ ಕೂರುತ್ತೇವೆ, ಅಲ್ಲಿ ಬಂದು ಜಗಳವಾಡಿ. ಶಾಲೆಯ ಹೆಣ್ಣುಮಕ್ಕಳಲ್ಲಿ ನಾಲ್ಕೈದು ಜನ ಬಂದರೆ ಅವರಿಗೆ ಮುಂದಿನ ಬೆಂಚು ಬಿಡಿ.