ದನಿಯ ಆಯುಷ್ಯ



ಕುಂದಾಪುರದ ಕೋಡಿಯಲ್ಲಿ, ಕಡಲಿನ ಮೊರೆತ ಕೇಳಿಸುವಷ್ಟು ಸಮೀಪದ ಮನೆಯೊಂದಕ್ಕೆ ಈಚೆಗೆ ಹೋಗಿದ್ದೆ. ಮನೆಯ ಹಿರಿಯರು ತಗಡಿನ ಪೆಟ್ಟಿಗೆಯೊಂದನ್ನು ತಂದು ಮುಂದಿಟ್ಟರು. ಅದರ ತುಂಬ ಕ್ಯಾಸೆಟ್ಟುಗಳು. ಗುಂಡ್ಮಿ ಕಾಳಿಂಗ ನಾವಡರ ಭಾಗವತಿಕೆಯನ್ನು ಆಟದ ಬಯಲಿನಲ್ಲಿ ಅವರೇ ಹಿಡಿದಿಟ್ಟುಕೊಂಡದ್ದು. ‘ಕೇಳೋಣವೆ?’ ಎಂದೆ. ‘ಕೇಂಬುಕೆ ಟೇಪ್ ರೆಕಾರ್ಡರ್ ಎಲ್ಲಿತ್ ಮಾರಾಯ್ರೆ?’ ಎಂದು ನಕ್ಕರು. ಆ ನಗೆಯಲ್ಲಿ ವಿಷಾದವಿತ್ತು.

ಅರಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು. ಇರುಳಿಡೀ ನಡೆಯುವ ಆಟಕ್ಕೆ ಅದು ಯಾವ ಮೂಲೆಗೆ ಸಾಕು? ಆದರೂ ಅದು ಅರ್ಧ ಶತಮಾನಕ್ಕೂ ಮಿಕ್ಕಿ ಬಾಳಿತು. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಕ್ಯಾಸೆಟ್ಟು ತೊಂಬತ್ತು ನಿಮಿಷಗಳನ್ನು ಅಂಗೈಯಗಲದಲ್ಲಿ ಅಡಗಿಸಿತು. ಅದಕ್ಕಿಂತ ಹೆಚ್ಚಾಗಿ, ಕೇಳುಗನ ಕೈಗೇ ಮುದ್ರಣದ ಅಧಿಕಾರವನ್ನು ಕೊಟ್ಟಿತು. ನಮ್ಮ ಮನೆಗಳಲ್ಲಿ ಅದು ಮೆರೆದದ್ದು ಎರಡು ಮೂರು ದಶಕ. 1982ರಲ್ಲಿ ಬಂದ ಸಿ.ಡಿ. ಇನ್ನೂ ಬೇಗ ಮೂಲೆ ಸೇರಿತು. ವಿಡಿಯೊ ಕ್ಯಾಸೆಟ್ಟಿನ ಯಂತ್ರವನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯೂ 2016ರಲ್ಲಿ ಕೈಬಿಟ್ಟಿತು.

ಕರಾವಳಿಯ ಮಳೆಗಾಲದ ತೇವಕ್ಕೆ ಸುರುಳಿಗೆ ಬೂಷ್ಟು ಹಿಡಿಯುವುದು ನಿಜ. ಆದರೆ ಸುರುಳಿ ಸಾಯುವ ಮೊದಲೇ ಅದನ್ನು ನುಡಿಸುವ ಯಂತ್ರ ಸಾಯುತ್ತದೆ ಎಂಬುದು ಈ ಕಾಲದ ವಿಚಿತ್ರ. ನಮ್ಮ ಹಿರಿಯರ ಓಲೆಗರಿಗೆ ಯಂತ್ರ ಬೇಕಿರಲಿಲ್ಲ; ಕಣ್ಣು ಸಾಕಿತ್ತು. ಓಲೆಯೂ ಚಿರಂಜೀವಿಯಲ್ಲ, ಗೆದ್ದಲಿಗೆ ತುತ್ತಾಗುವಂಥದು. ಯಕ್ಷಗಾನ ಪ್ರಸಂಗಗಳು ಉಳಿದು ಬಂದದ್ದು ಓಲೆಯ ಗಟ್ಟಿತನದಿಂದಲ್ಲ, ತಲೆಮಾರಿನಿಂದ ತಲೆಮಾರಿಗೆ ಪ್ರತಿ ಮಾಡಿದವರ ಶ್ರದ್ಧೆಯಿಂದ.

1958ರಲ್ಲಿ ಹುಟ್ಟಿದ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರ ಹಾಡುಗಳು ಎಷ್ಟೋ ಹೊಸ ಮಾಧ್ಯಮಗಳಿಗೆ ದಾಟಿವೆ. ಆದರೆ ಆ ಬಯಲಿನ, ಆ ಒಂದು ರಾತ್ರಿಯ ಪದ, ನಡುವೆ ಕೇಳಿಬರುವ ಚಂಡೆ, ಸಭಿಕರ ಕೆಮ್ಮು, ಮಗುವಿನ ಅಳು, ಇವು ಇರುವುದು ಆ ತಗಡಿನ ಪೆಟ್ಟಿಗೆಯಲ್ಲಿ ಮಾತ್ರ.

ಆದುದರಿಂದ, ಮಿತ್ರರೆ, ನಿಮ್ಮ ಅಟ್ಟದ ಮೇಲೂ ಅಂಥದೊಂದು ಪೆಟ್ಟಿಗೆ ಇದ್ದೀತು. ಊರಿನಲ್ಲಿ ಓಡುವ ಯಂತ್ರ ಒಂದಾದರೂ ಉಳಿದಿರುವಾಗಲೇ ಅದನ್ನು ಇಳಿಸಿ, ಹೊಸ ಸಾಧನಕ್ಕೆ ಪ್ರತಿ ಮಾಡಿಸಿ, ಯಾರ ದನಿ, ಯಾವ ಊರು, ಯಾವ ವರ್ಷ ಎಂದು ಬರೆದಿಡಿ. ಆ ಹೊಸ ಸಾಧನವೂ ಹಳತಾಗುತ್ತದೆ. ಆಗ ನಿಮ್ಮ ಮಕ್ಕಳು ಮತ್ತೊಮ್ಮೆ ಪ್ರತಿ ಮಾಡಲಿ. ದನಿಗೆ ಆಯುಷ್ಯ ಕೊಡುವುದು ಯಂತ್ರವಲ್ಲ, ನಾವು.